ಕಿವಿ, ಮೂಗು, ಗಂಟಲಿಗೆ ಯಾವ ಸ್ಕ್ಯಾನ್ ಬೇಕು, ಯಾವಾಗ ಬೇಡ

1994ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಆಗಷ್ಟೇ ನೆಗಡಿ ಹತ್ತಿದ 31 ಜನರಿಗೆ ಸೈನಸ್‌ನ, ಅಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡುಗಳ ಸಿಟಿ ಸ್ಕ್ಯಾನ್ ಮಾಡಿದ್ದರು. ಎಲ್ಲರಿಗೂ ಇದ್ದದ್ದು ನಾವು ನೀವು ಕಷಾಯ ಕುಡಿದು ಸುಮ್ಮನಾಗುವಂಥ ನೆಗಡಿ. ಅವರಲ್ಲಿ 27 ಜನರ ಕೆನ್ನೆಯ ಸೈನಸ್‌ನಲ್ಲಿ ಏನಾದರೊಂದು ದೋಷ ಕಂಡಿತು. ಸುಮಾರು ಎರಡು ವಾರ ಬಿಟ್ಟು ಕೆಲವರಿಗೆ ಮತ್ತೆ ಸ್ಕ್ಯಾನ್ ಮಾಡಿದರು. ಆಂಟಿಬಯಾಟಿಕ್ ಮುಟ್ಟದೆಯೇ ಹೆಚ್ಚಿನವರದು ಸರಿಹೋಗಿತ್ತು.

ಯಂತ್ರ ಸುಳ್ಳು ಹೇಳಿರಲಿಲ್ಲ. ಲೋಳೆ ಕಟ್ಟಿದ್ದು ನಿಜ, ಒಳಪದರ ಊದಿದ್ದೂ ನಿಜ. ಆದರೆ ಅದನ್ನು ತಿಳಿದುಕೊಂಡು ಮಾಡುವುದೇನು? ನೆಗಡಿಯ ಮೂರನೇ ದಿನ ಯಾರೇ ಹೋಗಿ ಸ್ಕ್ಯಾನ್ ಮಾಡಿಸಿದರೂ 'ಸೈನಸೈಟಿಸ್' ಅಂತ ರಿಪೋರ್ಟ್ ಬರುವ ಸಾಧ್ಯತೆಯೇ ಜಾಸ್ತಿ. ಆ ರಿಪೋರ್ಟ್ ನೋಡಿ ಹೆದರಿ ಮೆಡಿಕಲ್ ಶಾಪಿಗೆ ಓಡುವವರು ನಮ್ಮಲ್ಲಿ ಕಮ್ಮಿ ಇಲ್ಲ.

ಹಾಗಾಗಿ ಯಂತ್ರಕ್ಕಿಂತ ಮೊದಲು ಪ್ರಶ್ನೆ ಬೇಕು. ವೈದ್ಯರು ವಿಷಯ ಕೇಳಿ, ಕತ್ತು ಮುಟ್ಟಿ, ಕಿವಿಯೊಳಗೆ ಬೆಳಕು ಬಿಟ್ಟು, ಮೂಗಿಗೆ ಎಂಡೋಸ್ಕೋಪ್ (ಒಳಗೆ ನೋಡುವ ತೆಳು ದುರ್ಬೀನು) ಹಾಕಿ ನೋಡಿದ ಮೇಲೂ ಏನೋ ಒಂದು ತಿಳಿಯದೆ ಉಳಿದಿರಬೇಕು. ಅದು ತಿಳಿದರೆ ಚಿಕಿತ್ಸೆ ಬದಲಾಗುವಂತಿರಬೇಕು. ಯಾವ ಸ್ಕ್ಯಾನ್ ಅನ್ನುವ ಮಾತು ಬರುವುದು ಆಮೇಲೆ. "ದೊಡ್ಡ ಸ್ಕ್ಯಾನೇ ಬರ್ಕೊಡಿ ಡಾಕ್ಟ್ರೇ, ಎಲ್ಲಾ ಗೊತ್ತಾಗುತ್ತಲ್ಲ" ಅಂತ ಕೇಳುವವರಿದ್ದಾರೆ. ಎಲ್ಲ ಗೊತ್ತಾಗುವ ಸ್ಕ್ಯಾನ್ ಇನ್ನೂ ಹುಟ್ಟಿಲ್ಲ.

ಗಾಳಿ, ನೀರು, ಮೂಳೆ

ಎಕ್ಸ್‌ರೇ ಅಂದರೆ ನೆರಳು. ಮನೆಯ ಹಿಂದೆ ದೀಪ ಹಿಡಿದು, ಅಡುಗೆಮನೆ, ಪಡಸಾಲೆ, ಕೋಣೆ ಎಲ್ಲದರ ನೆರಳನ್ನೂ ಮುಂದಿನ ಒಂದೇ ಗೋಡೆಯ ಮೇಲೆ ಬೀಳಿಸಿದ ಹಾಗೆ. ತಲೆಯಲ್ಲಿ ಮೂಳೆಯ ಹಿಂದೆ ಮೂಳೆ, ಅದರ ಹಿಂದೆ ಇನ್ನೊಂದು. ಹಾಗಾಗಿ ಇನ್ನೂ ಅನೇಕ ಕಡೆ ಬರೆದುಕೊಡುವ 'ಪಿಎನ್ಎಸ್ ಎಕ್ಸ್‌ರೇ'ಯಲ್ಲಿ, ಅಂದರೆ ಸೈನಸ್‌ಗಳ ಎಕ್ಸ್‌ರೇಯಲ್ಲಿ, ಕೆನ್ನೆಯ ಸೈನಸ್ ಒಂದಿಷ್ಟು ಕಾಣುತ್ತದೆ. ಕಣ್ಣುಗಳ ನಡುವಿನ ಸಣ್ಣ ಸಣ್ಣ ಗೂಡುಗಳು ಕಲಸಿಹೋಗಿರುತ್ತವೆ. ದೀರ್ಘಕಾಲದ ಸೈನಸ್ ಕಾಯಿಲೆಯ ತಂಟೆ ಶುರುವಾಗುವುದು ಹೆಚ್ಚಾಗಿ ಅಲ್ಲೇ. ನನ್ನ ಪ್ರಕಾರ ಸೈನಸ್‌ಗೆ ಎಕ್ಸ್‌ರೇ ತೆಗೆಸುವ ಕಾಲ ಮುಗಿದಿದೆ. ಅಭ್ಯಾಸಬಲದಿಂದ ಉಳಿದುಕೊಂಡಿದೆ, ಅಷ್ಟೇ.

ಸಿಟಿಯಲ್ಲಿ ಇರುವುದೂ ಎಕ್ಸ್‌ರೇಯೇ. ಆದರೆ ಸುತ್ತಲಿಂದ ತೆಗೆದು, ಕಂಪ್ಯೂಟರ್ ಲೆಕ್ಕ ಹಾಕಿ, ಪದರ ಪದರವಾಗಿ ತೋರಿಸುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ನೋಡಿದ್ದು. ಆ ಯಂತ್ರ ಕಟ್ಟಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಹಂಚಿಕೊಂಡರು. ಅವರ ಹೆಸರಿನ ಅಳತೆಯೊಂದಿದೆ. ಅದರಲ್ಲಿ ನೀರಿಗೆ ಸೊನ್ನೆ. ಗಾಳಿಗೆ ಮೈನಸ್ 1000. ಗಟ್ಟಿ ಮೂಳೆ ಪ್ಲಸ್ 1000ದ ಆಸುಪಾಸು ಬರುತ್ತದೆ. ಈ ಮೂರು ಸಂಖ್ಯೆ ನೆನಪಿದ್ದರೆ ಇಎನ್‌ಟಿ ಸ್ಕ್ಯಾನ್‌ಗಳ ಅರ್ಧ ಲೆಕ್ಕ ಅರ್ಥವಾದಂತೆ.

ಯಾಕೆಂದರೆ ಮೂಗು ಮತ್ತು ಕಿವಿ ಗಾಳಿ ಹಾಗೂ ತೆಳು ಮೂಳೆಗಳಿಂದಲೇ ಆದ ಜಾಗ. ಅಳತೆಯ ಎರಡು ತುದಿಗಳು ಅಕ್ಕಪಕ್ಕ ಕೂತಿವೆ. ಸಿಟಿಗೆ ಇದಕ್ಕಿಂತ ಸಲೀಸಾದ ಜಾಗ ಇಲ್ಲ. ಆದರೆ ಆ ಗೂಡಿನೊಳಗೆ ಏನೋ ತುಂಬಿಕೊಂಡಿತು ಅನ್ನಿ. ಕೀವು, ಲೋಳೆ, ಪಾಲಿಪ್ (ಒಳಪದರ ಊದಿ ಜೋತ ಮೆದು ಗಂಟು), ಗೆಡ್ಡೆ, ಎಲ್ಲವೂ ನೀರಿಗೆ ಹತ್ತಿರದವೇ. ಎಲ್ಲವೂ ಸೊನ್ನೆಗಿಂತ ಸ್ವಲ್ಪ ಮೇಲೆ, ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ತುಂಬಿದೆ ಅಂತ ಸಿಟಿ ಹೇಳುತ್ತದೆ. ತುಂಬಿರುವುದು ಏನು ಅಂತ ಕೇಳಿದರೆ ತಡವರಿಸುತ್ತದೆ.

ಅಲ್ಲಿಗೆ ಎಂಆರ್‌ಐ ಬೇಕು. ಅದು ನೋಡುವುದು ಮೈಯೊಳಗಿನ ಹೈಡ್ರೋಜನ್ ಆಯಸ್ಕಾಂತಕ್ಕೆ ಹೇಗೆ ಸ್ಪಂದಿಸುತ್ತದೆ ಅನ್ನುವುದನ್ನು. ಮೆದು ಭಾಗಗಳ ನಡುವಿನ ವ್ಯತ್ಯಾಸ ಅದರಲ್ಲಿ ಬಿಡಿಸಿಟ್ಟಂತೆ ಕಾಣುತ್ತದೆ. ಎಕ್ಸ್‌ರೇ ವಿಕಿರಣವೂ ಇಲ್ಲ. ಹಾಗಂತ ಅದೇ ಮೇಲು ಅಂದುಕೊಳ್ಳಬೇಡಿ. ತೆಳು ಮೂಳೆಯೂ ಗಾಳಿಯೂ ಅದರಲ್ಲಿ ಎರಡೂ ಕಪ್ಪು. ಮೂಗಿನ ಅಲರ್ಜಿ ಜೊತೆ ಬರುವ ಒಂದು ಬಗೆಯ ಶಿಲೀಂಧ್ರ ಕಾಯಿಲೆಯಲ್ಲಿ ಸೈನಸ್ ತುಂಬ ಒಣಗಿದ ಗಟ್ಟಿ ಲೋಳೆ ಇರುತ್ತದೆ. ಎಂಆರ್‌ಐನ ಕೆಲವು ಚಿತ್ರಗಳಲ್ಲಿ ಅದು ಗಾಳಿಯ ಹಾಗೇ ಕಪ್ಪಗೆ ಕಂಡು, ಸೈನಸ್ ಖಾಲಿ ಇದೆ ಅನಿಸಿಬಿಡುತ್ತದೆ. ಅದೇ ಲೋಳೆ ಸಿಟಿಯಲ್ಲಿ ಬೆಳ್ಳಗೆ ಹೊಳೆಯುತ್ತದೆ.

ವಿಕಿರಣದ ಭಯ ಎಲ್ಲರಿಗೂ ಇರುತ್ತದೆ, ಅಲ್ವಾ? ಸೈನಸ್ ಸಿಟಿಯ ಪ್ರಮಾಣ ಸುಮಾರು 0.6 ಮಿಲಿಸೀವರ್ಟ್. ಭೂಮಿ ಮೇಲೆ ಸುಮ್ನೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4ರಷ್ಟು ಸಿಗುತ್ತದೆ. ಅಂದರೆ ಮೂರು ತಿಂಗಳ ಪಾಲು. ಬೇಕಾದಾಗ ಹಿಂಜರಿಯುವಷ್ಟು ದೊಡ್ಡದಲ್ಲ. ಬೇಡದಿದ್ದಾಗ, ಅದರಲ್ಲೂ ಮಕ್ಕಳಿಗೆ, ಅಷ್ಟು ಕೂಡ ಯಾಕೆ?

ಮೂಗು

ಸೈನಸ್ ಸೋಂಕು ಹತ್ತು ದಿನದೊಳಗಿನದಾಗಿದ್ದರೆ ಅದು ಬಹುತೇಕ ವೈರಸ್‌ನದು, ಸ್ಕ್ಯಾನ್ ಬೇಡ. ಹತ್ತು ದಿನ ದಾಟಿದರೂ ಇಳಿಯದಿದ್ದರೆ, ಅಥವಾ ಇಳಿದಂತಾಗಿ ಮತ್ತೆ ಏರಿದರೆ ಬ್ಯಾಕ್ಟೀರಿಯಾ ಇರಬಹುದು. ಆಗಲೂ ವೈದ್ಯರು ಲಕ್ಷಣ ನೋಡಿಯೇ ಔಷಧಿ ಕೊಡುತ್ತಾರೆ. ಬೇರೆ ತೊಡಕಿಲ್ಲದ ಸೈನಸ್ ಸೋಂಕಿಗೆ ಸ್ಕ್ಯಾನ್ ಮಾಡಬೇಡಿ ಅಂತ ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿಯ ಮಾರ್ಗಸೂಚಿಯೂ ಹೇಳುತ್ತದೆ.

ಮೂಗು ಕಟ್ಟುವುದು, ಮುಖ ಭಾರ, ವಾಸನೆ ತಿಳಿಯದಿರುವುದು 12 ವಾರ ದಾಟಿದರೆ ಲೆಕ್ಕ ಬೇರೆ. ಮೊದಲು ಎಂಡೋಸ್ಕೋಪಿ. ಆಮೇಲೆ ಮೂಗಿನ ಸ್ಪ್ರೇ, ಉಪ್ಪುನೀರಿನ ತೊಳೆತ. ಅದಕ್ಕೂ ಬಗ್ಗದೆ ಆಪರೇಷನ್ ಮಾತು ಬಂದಾಗ ಡೈ (ಚಿತ್ರ ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ದ್ರವ) ಇಲ್ಲದ ಸಿಟಿ. ಚೀಟಿಯಲ್ಲಿ 'ಸಿಟಿ ಪಿಎನ್ಎಸ್ ಪ್ಲೇನ್' ಅಂತ ಇರುತ್ತದೆ. ಇದನ್ನು ಜೋರು ನೆಗಡಿ ಇರುವಾಗ ಮಾಡಿಸಬೇಡಿ. ನೆಗಡಿಯ ಲೋಳೆ, ಹಳೆ ಕಾಯಿಲೆಯ ಲೋಳೆ ಎರಡೂ ಬೆರೆತು ಯಾವುದು ಯಾವುದೋ ಗೊತ್ತಾಗುವುದಿಲ್ಲ.

ಆ ಸಿಟಿಯಲ್ಲಿ ಸರ್ಜನ್ ಏನು ಹುಡುಕುತ್ತಾರೆ ಅಂತ ಗೊತ್ತಾದರೆ ಅದರ ಬೆಲೆ ತಿಳಿಯುತ್ತದೆ. ಕಾಯಿಲೆ ಎಲ್ಲಿದೆ ಅನ್ನುವುದು ಒಂದು ಭಾಗ ಮಾತ್ರ. ಅವರ ಕಣ್ಣು ಹೋಗುವುದು ಮೂಗಿನ ಚಾವಣಿಗೆ. ಚಾವಣಿಯ ಮೇಲೆಯೇ ಮಿದುಳು. ವಾಸನೆಯ ನರ ಕೂತಿರುವ ತಗ್ಗು ಅಲ್ಲಿದೆ. ಕೆಲವರಲ್ಲಿ ಅದರ ಆಳ ಒಂದೆರಡು ಮಿಲಿಮೀಟರ್. ಕೆಲವರಲ್ಲಿ 16 ಮಿಲಿಮೀಟರ್‌ವರೆಗೂ ಇಳಿದಿರುತ್ತದೆ. ತಗ್ಗು ಆಳವಾದಷ್ಟೂ ಅದರ ಪಕ್ಕದ ತೆಳು ಮೂಳೆ ಉಪಕರಣಕ್ಕೆ ಸಿಗುವ ಅಪಾಯ ಹೆಚ್ಚು. ಅದು ತೂತಾದರೆ ಮಿದುಳಿನ ಸುತ್ತಲಿನ ನೀರು ಮೂಗಿಗೆ ಸೋರುತ್ತದೆ. ಎಡ ಬಲ ಎರಡೂ ಸಮ ಇರಬೇಕೆಂದೂ ಇಲ್ಲ. ಇನ್ನು ಪಕ್ಕದಲ್ಲಿ ಕಣ್ಣಿಗೂ ಮೂಗಿಗೂ ನಡುವೆ ಇರುವ ಗೋಡೆ ಕಾಗದದಷ್ಟು ತೆಳು. ಹಿಂದೆ ಎಲ್ಲೋ ಪೆಟ್ಟು ಬಿದ್ದು ಅಲ್ಲಿ ಬಿರುಕಿದ್ದರೆ ಅದೂ ಮೊದಲೇ ಗೊತ್ತಿರಬೇಕು. ಕೆಲವರಲ್ಲಿ ದೃಷ್ಟಿಯ ನರವೇ ಹಿಂದಿನ ಸೈನಸ್ ಗೂಡಿನೊಳಗೆ ಚಾಚಿಕೊಂಡಿರುತ್ತದೆ. ಇಷ್ಟನ್ನೂ ನೋಡದೆ ಸೈನಸ್‌ಗೆ ಕೈ ಹಾಕಲು ಇವತ್ತು ಯಾವ ಸರ್ಜನ್ನೂ ಒಪ್ಪುವುದಿಲ್ಲ.

ರಿಪೋರ್ಟ್‌ನಲ್ಲಿ 'ಮೂಗಿನ ನಡುಗೋಡೆ ವಾಲಿದೆ' ಅಂತ ಬರೆದಿದ್ದರೆ ಗಾಬರಿ ಬೇಡ. ನೆಟ್ಟಗಿನ ನಡುಗೋಡೆ ಇರುವವರೇ ಅಪರೂಪ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಅದರ ಪಾಡಿಗೆ ಅದು ವಾಲಿಕೊಂಡಿರಲಿ.

ಒಂದೇ ಕಡೆಯ ತೊಂದರೆಗೆ ಮಾತ್ರ ಕಿವಿ ನಿಮಿರಬೇಕು. ಒಂದೇ ಹೊಳ್ಳೆ ಕಟ್ಟುವುದು, ಅದರಿಂದಲೇ ರಕ್ತ ಬರುವುದು, ಒಂದೇ ಕಡೆ ಕೆಟ್ಟ ವಾಸನೆ. ಕಾರಣ ಮೇಲಿನ ಹಲ್ಲಿನ ಬೇರೂ ಇರಬಹುದು, ಗೆಡ್ಡೆಯೂ ಇರಬಹುದು. ಗೆಡ್ಡೆಯ ಅನುಮಾನವಿದ್ದರೆ ಸಿಟಿ ಮತ್ತು ಎಂಆರ್‌ಐ ಎರಡೂ ಬೇಕಾಗುತ್ತವೆ. ಒಂದು ಮೂಳೆ ಸವೆದಿದೆಯಾ ನೋಡಲು, ಇನ್ನೊಂದು ಗೆಡ್ಡೆ ಎಲ್ಲಿಗೆ ಮುಗಿದು ಲೋಳೆ ಎಲ್ಲಿಂದ ಶುರು ಅಂತ ಬಿಡಿಸಲು. ಹದಿಹರೆಯದ ಹುಡುಗನಿಗೆ ಒಂದು ಹೊಳ್ಳೆ ಕಟ್ಟಿ ಮತ್ತೆ ಮತ್ತೆ ಜೋರು ರಕ್ತ ಬರುತ್ತಿದ್ದರೆ ಡೈ ಹಾಕಿದ ಸ್ಕ್ಯಾನ್ ಮೊದಲು, ಚೂರು ತೆಗೆದು ಪರೀಕ್ಷಿಸುವ ಮಾತು ಆಮೇಲೆ. ಅದು ರಕ್ತನಾಳಗಳಿಂದಲೇ ತುಂಬಿದ ಗೆಡ್ಡೆಯಾಗಿದ್ದರೆ ಚೂರು ತೆಗೆದಲ್ಲಿ ರಕ್ತ ನಿಲ್ಲುವುದು ಕಷ್ಟ.

2021ರಲ್ಲಿ ಕೋವಿಡ್ ಬೆನ್ನಿಗೇ ಬಂದ 'ಕಪ್ಪು ಶಿಲೀಂಧ್ರ' ನೆನಪಿದೆಯಲ್ಲ. ಸಕ್ಕರೆ ಕಾಯಿಲೆ ಇದ್ದು, ಸ್ಟೆರಾಯ್ಡ್ ತಗೊಂಡವರನ್ನು ಹೆಚ್ಚಾಗಿ ಕಾಡಿತು. ಆ ಶಿಲೀಂಧ್ರ ರಕ್ತನಾಳಕ್ಕೆ ನುಗ್ಗಿ ರಕ್ತ ಹರಿಯುವುದನ್ನೇ ನಿಲ್ಲಿಸುತ್ತದೆ. ಡೈ ಹಾಕಿ ಎಂಆರ್‌ಐ ಮಾಡಿದರೆ ಜೀವಂತ ಭಾಗ ಬೆಳಗುತ್ತದೆ, ಸತ್ತ ಭಾಗಕ್ಕೆ ಡೈ ತಲುಪದೆ ಕಪ್ಪಗೇ ಉಳಿಯುತ್ತದೆ. ಮೊದಲ ದಿನಗಳಲ್ಲಿ ಮೂಳೆ ಇನ್ನೂ ಸವೆದಿರುವುದಿಲ್ಲ. ಹಾಗಾಗಿ ಡೈ ಇಲ್ಲದ ಸಿಟಿಯಲ್ಲಿ ಸಾಧಾರಣ ಸೈನಸ್ ಹಾಗೇ ಕಂಡು ಮೋಸಹೋಗುವ ಸಾಧ್ಯತೆ ಇತ್ತು. ಸೈನಸ್ ಸೋಂಕಿನ ಜೊತೆ ಕಣ್ಣು ಊದಿದರೆ, ಎರಡೆರಡು ಕಂಡರೆ, ದೃಷ್ಟಿ ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನ್ ಕೂಡ ಅವತ್ತೇ.

ಮೂಗಿಗೆ ಪೆಟ್ಟು ಬಿದ್ದರೆ? ಮೂಳೆ ಸೊಟ್ಟಗಾಗಿದೆಯಾ ಅನ್ನುವುದು ಕಣ್ಣಿಗೆ, ಕೈಗೆ ಗೊತ್ತಾಗುತ್ತದೆ. ಎಕ್ಸ್‌ರೇ ಹೆಚ್ಚಾಗಿ ಪೊಲೀಸ್ ಕೇಸಿನ ಕಾಗದಕ್ಕೆ. ನಿಜವಾಗಿ ನೋಡಬೇಕಾದದ್ದು ಒಳಗೆ ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಟಾರ್ಚ್ ಬೆಳಕಿನಲ್ಲಿ ಕಾಣುತ್ತದೆ.

ಕಿವಿ

ಮಗ್ಗುಲು ಬದಲಿಸಿದಾಗ ಮನೆ ಗಿರ್ರನೆ ತಿರುಗಿ, ಅರ್ಧ ನಿಮಿಷದಲ್ಲಿ ನಿಲ್ಲುವ ತಲೆಸುತ್ತು ಇದೆಯಲ್ಲ, ಅದಕ್ಕೆ ಸಾಮಾನ್ಯವಾಗಿ ಯಾವ ಸ್ಕ್ಯಾನೂ ಬೇಡ. ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ತಪ್ಪಿರುತ್ತವೆ. ಅವು ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಮಂಚದ ಮೇಲೆ ತಲೆ ತಿರುಗಿಸಿ ಮಲಗಿಸಿ, ಕಣ್ಣು ಅದುರುವುದನ್ನು ನೋಡಿ ವೈದ್ಯರು ಪತ್ತೆ ಹಚ್ಚುತ್ತಾರೆ. ಹಾಗೇ ತಲೆ ತಿರುಗಿಸಿ ಹರಳನ್ನು ಜಾಗಕ್ಕೆ ಕಳಿಸುತ್ತಾರೆ. ಇದಕ್ಕೆ ಕತ್ತಿನ ಎಕ್ಸ್‌ರೇ ತೆಗೆಸಿ 'ಸರ್ವೈಕಲ್' ಅನ್ನುವ ವಾಡಿಕೆ ನಮ್ಮಲ್ಲಿ ಯಾವಾಗ ಬಂತೋ ಗೊತ್ತಿಲ್ಲ. ಕತ್ತಿನ ಮೂಳೆ ಸವೆತ ವಯಸ್ಸಾದ ಬಹಳಷ್ಟು ಜನರಲ್ಲಿ ಕಂಡೇ ಕಾಣುತ್ತದೆ, ತಲೆಸುತ್ತು ಇರಲಿ ಬಿಡಲಿ. ಆದರೆ ಬಿಡದೆ ಗಂಟೆಗಟ್ಟಲೆ ತಿರುಗುವ ತಲೆಸುತ್ತಿನ ಜೊತೆ ಮಾತು ತೊದಲಿದರೆ, ನಡೆಯಲು ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಹಿಂಮಿದುಳಿನ ಪಾರ್ಶ್ವವಾಯು ಎಷ್ಟೋ ಸಲ ಸಿಟಿಯ ಕಣ್ಣು ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಎಂಆರ್‌ಐ ವಾಸಿ. ಅದು ಕೂಡ ಮೊದಲ ಒಂದೆರಡು ದಿನ ಕೆಲವೊಮ್ಮೆ ನಾರ್ಮಲ್ ಅನ್ನುತ್ತದೆ.

ವರ್ಷಗಟ್ಟಲೆ ಸೋರುವ ಕಿವಿಯಲ್ಲಿ ಭಯ ಇರುವುದು ಕೊಲೆಸ್ಟಿಯಟೋಮಾ ಬಗ್ಗೆ. ಕಿವಿತಮಟೆಯ ಚರ್ಮ ಒಳಗೆ ಸೇರಿಕೊಂಡು, ಬೆಳೆಯುತ್ತಾ, ಸುತ್ತಲಿನ ಮೂಳೆಯನ್ನು ತಿನ್ನುತ್ತದೆ. ಕೇಳಿಸುವ ಪುಟ್ಟ ಮೂಳೆಗಳು, ಮುಖದ ನರದ ಕಾಲುವೆ, ಮಿದುಳಿನ ಕೆಳಗಿನ ತೆಳು ತಟ್ಟೆ, ಯಾವುದನ್ನೂ ಬಿಡುವುದಿಲ್ಲ. ಇದಕ್ಕೆ ಕಿವಿಮೂಳೆಯ ಎಚ್‌ಆರ್‌ಸಿಟಿ, ಅಂದರೆ ಅರ್ಧ ಮಿಲಿಮೀಟರ್ ಆಸುಪಾಸಿನ ತೆಳು ಪದರಗಳ ಸಿಟಿ. ಎಷ್ಟು ತಿಂದಿದೆ ಅಂತ ಅದು ಚೆನ್ನಾಗಿ ಹೇಳುತ್ತದೆ. ಆಪರೇಷನ್ ಆಗಿ ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಬೂದು ಕಂಡರೆ? ಗಾಯ ಮಾಗಿದ ಗಂಟೋ, ಕಾಯಿಲೆಯೇ ಮರಳಿ ಬಂತೋ? ಸಿಟಿಗೆ ಎರಡೂ ಒಂದೇ. ಎಂಆರ್‌ಐನಲ್ಲಿ ಡಿಫ್ಯೂಷನ್ ಅನ್ನುವ ಒಂದು ಬಗೆ ಇದೆ. ಅದರಲ್ಲಿ ಕೊಲೆಸ್ಟಿಯಟೋಮಾ ಬೆಳ್ಳಗೆ ಹೊಳೆಯುತ್ತದೆ. ಎರಡು ಮೂರು ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ ಸಿಕ್ಕಿಬೀಳುತ್ತದೆ. ಹಿಂದೆಲ್ಲ ಇದನ್ನು ನೋಡಲೆಂದೇ ಎರಡನೇ ಆಪರೇಷನ್ ಮಾಡುತ್ತಿದ್ದರು. ಈಗ ಅನೇಕರಿಗೆ ಅದು ತಪ್ಪಿದೆ.

ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮೊದಲು ಓಡಬೇಕಾದದ್ದು ಆಡಿಯೋಗ್ರಾಮ್‌ಗೆ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆಗೆ. ಗುಗ್ಗೆಯೋ ನರದ ತೊಂದರೆಯೋ ತಿಳಿಯಬೇಕು. ನರದ್ದಾದರೆ ಸ್ಟೆರಾಯ್ಡ್ ಬೇಗ ಶುರುವಾಗಬೇಕು, ಸ್ಕ್ಯಾನ್‌ಗಾಗಿ ಕಾಯಬಾರದು. ತಲೆಯ ಸಿಟಿ ಇಲ್ಲಿ ಸಾಮಾನ್ಯವಾಗಿ ದಂಡ. ಆಮೇಲೆ ಎಂಆರ್‌ಐ ಮಾಡುವುದು ಕೇಳುವ ನರದ ಮೇಲೆ ಗೆಡ್ಡೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಗೆಡ್ಡೆ ಸಿಗುವುದು ಕೆಲವರಲ್ಲಷ್ಟೇ. ಆದರೂ ಬಿಡುವಂತಿಲ್ಲ.

ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ತಂತಿ ಇಳಿಸಿ ಕೇಳುವ ನರಕ್ಕೆ ಶಬ್ದ ಮುಟ್ಟಿಸುವ ಸಾಧನ) ಮಾಡುವ ಮುಂಚೆ ಎರಡೂ ಸ್ಕ್ಯಾನ್ ಮಾಡುವುದು ರೂಢಿ. ಅದಕ್ಕೂ ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಶಬ್ದಕ್ಕೆ ಕೇಳುವ ನರ ಸ್ಪಂದಿಸುತ್ತದೆಯಾ ಅಂತ ನೋಡುವ ಬೆರಾ ಮತ್ತಿತರ ಪರೀಕ್ಷೆ ಆಗಿರುತ್ತದೆ. ಶಂಖದಂಥ ಒಳಕಿವಿಯ ಆಕಾರ ಸರಿ ಇದೆಯಾ ಅಂತ ಸಿಟಿ ಹೇಳುತ್ತದೆ. ಕೇಳುವ ನರ ಇದೆಯಾ ಇಲ್ಲವಾ ಅಂತ ಎಂಆರ್‌ಐ ಹೇಳುತ್ತದೆ. ನರವೇ ಇಲ್ಲದಿದ್ದರೆ ಇಂಪ್ಲಾಂಟ್ ಹಾಕಿ ಏನು ಮಾಡುವುದು? ಮೆದುಳು ಜ್ವರದ (ಮೆನಿಂಜೈಟಿಸ್) ನಂತರ ಕಿವುಡಾದ ಮಗುವಾದರೆ ಆತುರ ಜಾಸ್ತಿ. ಒಳಕಿವಿಯ ನೀರಿನ ಜಾಗ ಮೂಳೆಯಾಗಿ ಗಟ್ಟಿಯಾಗತೊಡಗುತ್ತದೆ, ತಡವಾದರೆ ತಂತಿ ಒಳಗೆ ಹೋಗುವುದೇ ಕಷ್ಟ. ಆ ಬದಲಾವಣೆ ಎಂಆರ್‌ಐನಲ್ಲಿ ಮೊದಲು ಕಾಣುತ್ತದೆ, ಸಿಟಿಯಲ್ಲಿ ಆಮೇಲೆ.

ಗಂಟಲು, ಕತ್ತು

ದನಿ ಒಡೆದು ನಾಲ್ಕು ವಾರವಾದರೂ ಸರಿಹೋಗಿಲ್ಲ ಅಂದರೆ ಸ್ಕೋಪ್ ಹಾಕಿ ಧ್ವನಿ ತಂತು ನೋಡಬೇಕು. ಬೀಡಿ ಸಿಗರೇಟು ಸೇದುವವರು ಅಷ್ಟು ದಿನವೂ ಕಾಯಬಾರದು. ನೋಡುವ ಮೊದಲೇ ಸಿಟಿ ಮಾಡಿಸುವುದು ತಲೆಕೆಳಗಿನ ಕೆಲಸ. ತಂತುವಿನ ಮೇಲಿನ ಸಣ್ಣ ಗಂಟು ಸಿಟಿಯಲ್ಲಿ ಕಾಣದೇ ಹೋಗಬಹುದು, ಸ್ಕೋಪ್‌ನಲ್ಲಿ ಎದುರಿಗೇ ಇರುತ್ತದೆ.

ಸ್ಕೋಪ್‌ನಲ್ಲಿ ಗಂಟು ಏನೂ ಇಲ್ಲ, ಆದರೆ ಎಡಗಡೆಯ ತಂತು ಅಲುಗಾಡುತ್ತಿಲ್ಲ ಅನ್ನಿ. ಆಗ ಸ್ಕ್ಯಾನ್ ಬೇಕು. ಎಲ್ಲಿಯದು? ಗಂಟಲಿನದಷ್ಟೇ ಮಾಡಿದರೆ ಸಾಲದು. ಆ ತಂತುವಿಗೆ ಹೋಗುವ ನರ ತಲೆಬುರುಡೆಯ ತಳದಿಂದ ಹೊರಟು, ಗಂಟಲನ್ನು ದಾಟಿ ಎದೆಗೆ ಇಳಿಯುತ್ತದೆ. ಅಲ್ಲಿ ಹೃದಯದಿಂದ ಹೊರಟ ಮಹಾಧಮನಿಯ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲೆ ಹತ್ತಿ ಗಂಟಲಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಒತ್ತಿದರೂ ದನಿ ಹೋಗುತ್ತದೆ. ಶ್ವಾಸಕೋಶದ ಕ್ಯಾನ್ಸರ್, ಕ್ಷಯದ ಗಂಟು, ಥೈರಾಯ್ಡ್, ಅಷ್ಟೇ ಏಕೆ, ಊದಿಕೊಂಡ ಹೃದಯ ಕೂಡ ಕಾರಣವಾಗಬಹುದು. ಹಾಗಾಗಿ ಡೈ ಹಾಕಿದ ಸಿಟಿ ಬುರುಡೆಯ ತಳದಿಂದ ಎದೆಯ ಮೇಲ್ಭಾಗದವರೆಗೆ ಬೇಕು. "ದನಿ ಹೋಗಿದ್ದಕ್ಕೆ ಎದೆ ಸ್ಕ್ಯಾನ್ ಯಾಕೆ" ಅಂತ ಜಗಳ ಆಡುವ ಮುಂಚೆ ಈ ನರದ ದಾರಿ ನೆನಪಿರಲಿ.

ಕತ್ತಿನ ಗಂಟಿಗೆ ಮೊದಲು ಅಲ್ಟ್ರಾಸೌಂಡ್. ಅಗ್ಗ, ವಿಕಿರಣ ಇಲ್ಲ, ನೋಡುತ್ತಲೇ ಸೂಜಿ ಹಾಕಿ, ಒಂದಿಷ್ಟು ಜೀವಕೋಶ ತೆಗೆದು ಪರೀಕ್ಷಿಸುವ ಎಫ್‌ಎನ್‌ಎಸಿ ಕೂಡ ಮಾಡಬಹುದು. ಥೈರಾಯ್ಡ್ ಗಂಟಿಗಂತೂ ಇದೇ ಸರಿ. ಥೈರಾಯ್ಡ್ ಕ್ಯಾನ್ಸರ್ ಅನುಮಾನ ಇದ್ದು ಸಿಟಿ ಬೇಕೇ ಬೇಕಾದರೆ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಸಿಟಿಯ ಡೈನಲ್ಲಿರುವುದು ಅಯೋಡಿನ್. ಥೈರಾಯ್ಡ್ ಅದನ್ನು ಹೀರಿಕೊಂಡರೆ ಆಮೇಲಿನ ರೇಡಿಯೋ ಅಯೋಡಿನ್ ಚಿಕಿತ್ಸೆಯನ್ನು ಕೆಲವು ವಾರ ಮುಂದೂಡಬೇಕಾಗಬಹುದು. ಗುಟ್ಕಾ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೆ ಬಾಯಲ್ಲಿ ಮಾಯದ ಹುಣ್ಣಿದ್ದು, ಕತ್ತಿನಲ್ಲಿ ನೋವಿಲ್ಲದ ಗಟ್ಟಿ ಗಂಟು ಎದ್ದರೆ ಅಲ್ಟ್ರಾಸೌಂಡ್ ಒಂದರಲ್ಲೇ ಮುಗಿಯುವುದಿಲ್ಲ. ನಾಲಿಗೆಯ ಆಳಕ್ಕೆ ಎಷ್ಟು ಇಳಿದಿದೆ ನೋಡಲು ಎಂಆರ್‌ಐ. ದವಡೆ ಮೂಳೆ ತಿಂದಿದೆಯಾ ನೋಡಲು ಸಿಟಿ. ಆದರೆ ಕ್ಯಾನ್ಸರ್ ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ಇವೆರಡೂ ಅಲ್ಲ, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ.

ಮಕ್ಕಳು ನುಂಗಿದ್ದಕ್ಕೆ ಎಕ್ಸ್‌ರೇ ಈಗಲೂ ರಾಜ. ನಾಣ್ಯ, ಬಟನ್ ಬ್ಯಾಟರಿ ಎರಡೂ ದುಂಡಗೆ ಕಾಣುತ್ತವೆ. ಬ್ಯಾಟರಿಯ ಅಂಚಿನಲ್ಲಿ ಇನ್ನೊಂದು ಉಂಗುರ ಕಾಣುತ್ತದೆ. ಆ ಉಂಗುರ ಕಂಡರೆ ಕಾಯುವಂತಿಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ ಎರಡೇ ಗಂಟೆಯಲ್ಲಿ ಸುಡಲು ಶುರು ಮಾಡುತ್ತದೆ. ಉಸಿರುನಾಳಕ್ಕೆ ಹೋದ ಕಡಲೆಬೀಜ ಮಾತ್ರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ತಿನ್ನುವಾಗ ಮಗುವಿಗೆ ನೆತ್ತಿಗೇರಿ ಕೆಮ್ಮು ಹಿಡಿದಿತ್ತು ಅಂತ ತಾಯಿ ಹೇಳಿದರೆ, ಎಕ್ಸ್‌ರೇ ನಾರ್ಮಲ್ ಇದ್ದರೂ ತಾಯಿಯ ಮಾತಿಗೇ ತೂಕ. ಕರಾವಳಿಯವರಿಗೆ ಗೊತ್ತಿರುವ ಮೀನಿನ ಮುಳ್ಳು ಮೊದಲು ಟಾನ್ಸಿಲ್, ನಾಲಿಗೆಯ ಬುಡದಲ್ಲಿ ಹುಡುಕಿದರೆ ಸಿಗುತ್ತದೆ. ಸಿಗದಿದ್ದರೆ ಡೈ ಇಲ್ಲದ ಸಿಟಿ. ಎಕ್ಸ್‌ರೇಯಲ್ಲಿ ಎಷ್ಟೋ ಮುಳ್ಳು ಕಾಣದೇ ಹೋಗುತ್ತವೆ.

ಮಾಡಿಸಲು ಹೋಗುವ ಮುಂಚೆ

ಡೈ ಹಾಕುವುದಿದ್ದರೆ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಕೇಳುತ್ತಾರೆ. ಮೂತ್ರಪಿಂಡದ ತೊಂದರೆ, ಹಿಂದೆ ಡೈಗೆ ಆದ ಅಲರ್ಜಿ, ಗರ್ಭಿಣಿ ಆಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿ. ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಮೀನು, ಸಿಗಡಿ ಒಗ್ಗದವರಿಗೆ ಡೈಯೂ ಒಗ್ಗುವುದಿಲ್ಲ ಅನ್ನುವುದು ಬರೀ ನಂಬಿಕೆ. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ ಇದ್ದವರು, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಹಾರಿದ್ದವರು ಎಂಆರ್‌ಐ ಕೋಣೆಯ ಬಾಗಿಲಲ್ಲೇ ಅದನ್ನು ಹೇಳಬೇಕು.

ವರ್ಷಗಟ್ಟಲೆ ಬಿಚ್ಚದ ಮೂಗುಬೊಟ್ಟು ಇದ್ದರೆ ಹಿಂದಿನ ದಿನವೇ ಮನೆಯಲ್ಲಿ ತೆಗೆಸಿಕೊಂಡು ಹೋಗಿ. ಸೈನಸ್ ಸಿಟಿಯಲ್ಲಿ ಅಷ್ಟು ಚಿಕ್ಕ ಲೋಹವೂ ಗೆರೆಗೆರೆಯಾಗಿ ಚೆಲ್ಲಿಕೊಂಡು ಪಕ್ಕದ ಜಾಗವನ್ನು ಕೆಡಿಸುತ್ತದೆ. ಸ್ಕ್ಯಾನ್ ಸೆಂಟರ್‌ನಲ್ಲಿ ನಿಂತು ಸೋಪು ಹಚ್ಚಿ ತಿರುಪು ಬಿಚ್ಚಲು ಹೆಣಗುವುದಕ್ಕಿಂತ ಅದು ಸುಲಭ.

ಮುಗಿದ ಮೇಲೆ ರಿಪೋರ್ಟ್ ಜೊತೆ ಸಿಡಿಯನ್ನೂ ಕೇಳಿ ತಗೊಳ್ಳಿ, ಹಳೆಯದನ್ನೂ ಎಸೆಯಬೇಡಿ. ರಿಪೋರ್ಟ್ ಎರಡು ಪುಟ. ಸಿಡಿಯಲ್ಲಿ ನೂರಾರು ಪದರಗಳಿರುತ್ತವೆ, ಮತ್ತು ಆಪರೇಷನ್ ಮಾಡುವವರು ತಾವೇ ಒಂದೊಂದಾಗಿ ಸರಿಸಿ ನೋಡಲು ಬಯಸುವುದು ಅವನ್ನೇ.